ಓಡಿದವರಲ್ಲ, ಓಡಿಸಿದವರು

ನವೆಂಬರ್ ಬಂದು ಊರಲ್ಲಿ ಕಂಬಳದ ತಾರೀಕುಗಳು ಗೊತ್ತಾಗುತ್ತಿದ್ದಂತೆ, ಇಲ್ಲಿ ಮುಂಬಯಿಯಲ್ಲಿ ನಮ್ಮ ಜನ ನಾಲ್ಕು ಮಂದಿ ಸೇರಿದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ. "ಆ ಶ್ರೀನಿವಾಸ ಗೌಡ ಅವತ್ತು ಟ್ರಯಲ್ಸಿಗೆ ಹೋಗಬೇಕಿತ್ತು ಮಾರಾಯ್ರೆ. ಕೈಗೆ ಬಂದದ್ದನ್ನು ಬಿಟ್ಟುಬಿಟ್ಟ." ಹೇಳುವವರ ದನಿಯಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನಮ್ಮೂರಿನ ಹುಡುಗ ದೊಡ್ಡವನಾಗಬೇಕಿತ್ತು ಎಂಬ ಆಸೆ, ಅಷ್ಟೆ. ಆದರೆ ವರ್ಷ ವರ್ಷವೂ ಇದೇ ಮಾತು ಕೇಳಿ ಕೇಳಿ, ನನ್ನ ಮನಸ್ಸಿನಲ್ಲಿರುವುದನ್ನು ಒಮ್ಮೆ ಬರೆದೇ ಬಿಡೋಣ ಅನ್ನಿಸಿದೆ. ಅವರು ಹೋಗದೇ ಇದ್ದದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಸರಿ ಮಾತ್ರ ಅಲ್ಲ, ನಾವೆಲ್ಲ ಅದರಿಂದ ಕಲಿಯುವುದೂ ಇದೆ.

ಮರೆತವರಿಗಾಗಿ ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳ. ಮೂಡುಬಿದಿರೆ ಹತ್ತಿರದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಓಡಿಸಿದ ಜೋಡಿ ಕೋಣಗಳು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ದಾಟಿದವು. ಯಾರೋ ಕುಳಿತು ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡ್ ಅಂತ ಬಂತು. ಉಸೇನ್ ಬೋಲ್ಟ್ 2009ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ಮಾಡಿದ ವಿಶ್ವದಾಖಲೆ 9.58. ಆಯಿತಲ್ಲ, ಇನ್ನೇನು ಬೇಕು! ಕೆಸರಿನಲ್ಲಿ ಬರಿಗಾಲಿನಲ್ಲಿ ಓಡುವ ಕಟ್ಟುಮಸ್ತಾದ ಆಳಿನ ಚಿತ್ರ ದೇಶವೆಲ್ಲ ಸುತ್ತಿತು. ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು, ಶಶಿ ತರೂರ್ ಮಾಡಿದರು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದ ತರಬೇತುದಾರರ ಎದುರು ಟ್ರಯಲ್ಸ್ ನಡೆಸುತ್ತೇವೆ ಎಂದರು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ ಮೂರು ಲಕ್ಷ ರೂಪಾಯಿ ಕೊಟ್ಟು ಸನ್ಮಾನ ಮಾಡಿದರು. ಎರಡು ವಾರದ ಹಿಂದೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ 28 ವರ್ಷದ ಮನುಷ್ಯನ ಮುಂದೆ ಹತ್ತಾರು ಟಿವಿ ಮೈಕುಗಳು.

ಆ ಮೈಕುಗಳ ಮುಂದೆ ಅವರು ಹೇಳಿದ್ದೇನು? ಬೋಲ್ಟ್ ವಿಶ್ವ ಚಾಂಪಿಯನ್, ನಾನು ಗದ್ದೆಯ ಕೆಸರಿನಲ್ಲಿ ಓಡುವವನು, ನನ್ನನ್ನು ಅವರಿಗೆ ಹೋಲಿಸಬೇಡಿ ಎಂದರು. ಈ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂದರು. ಕಂಬಳದಲ್ಲಿ ಹಿಮ್ಮಡಿಯೂರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ತುದಿಗಾಲಿನಲ್ಲಿ ಓಡಬೇಕು, ಎರಡೂ ಬೇರೆ ಎಂದರು. ಕಾಲಿಗೆ ಪೆಟ್ಟಾಗಿದೆ, ಕಂಬಳದ ಋತು ಇನ್ನೂ ಮುಗಿದಿಲ್ಲ, ನನ್ನ ಗಮನ ಅಲ್ಲಿದೆ ಎಂದು ಟ್ರಯಲ್ಸನ್ನು ನಯವಾಗಿ ಬೇಡ ಎಂದರು. ಮತ್ತೆ ಹೋಗಿ ಕೋಣಗಳ ಹಿಂದೆ ನಿಂತರು.

ಇದನ್ನು ಹೆದರಿಕೆ ಎಂದವರಿದ್ದಾರೆ. "ಹಳ್ಳಿಯವರಿಗೆ ಆತ್ಮವಿಶ್ವಾಸ ಕಡಿಮೆ" ಎಂದು ಮೇಲಿನಿಂದ ಕರುಣೆ ತೋರಿದವರೂ ಇದ್ದಾರೆ. ನನಗೆ ಕಂಡದ್ದು ಬೇರೆ. ಇಡೀ ದೇಶ ಒಂದು ತಪ್ಪು ಲೆಕ್ಕ ಹಿಡಿದು ಕುಣಿಯುತ್ತಿರುವಾಗ, ಆ ಲೆಕ್ಕದಿಂದ ಎಲ್ಲರಿಗಿಂತ ಹೆಚ್ಚು ಲಾಭವಾಗುವ ಮನುಷ್ಯನೇ ಎದ್ದು ನಿಂತು ಲೆಕ್ಕ ತಪ್ಪು ಎಂದು ಹೇಳುವುದಿದೆಯಲ್ಲ, ಅದಕ್ಕೆ ಎಷ್ಟು ಆತ್ಮವಿಶ್ವಾಸ ಬೇಕು, ನೀವೇ ಹೇಳಿ.

ಲೆಕ್ಕ ಯಾಕೆ ತಪ್ಪು ಅಂತಲೂ ನೋಡಿಬಿಡೋಣ. ಐಕಳದಲ್ಲಿ ಯಾರೂ ನೂರು ಮೀಟರ್ ಅಳೆದಿರಲಿಲ್ಲ. 142.5 ಮೀಟರಿನ ಸರಾಸರಿಯಿಂದ ನೂರರ ಲೆಕ್ಕ ತೆಗೆದದ್ದು. ನೂರು ಮೀಟರ್ ಓಟದಲ್ಲಿ ನಿಂತ ಜಾಗದಿಂದ ವೇಗ ಹಿಡಿಯಲಿಕ್ಕೇ ಬಹಳ ಸಮಯ ಹೋಗುತ್ತದೆ. ದೂರ ಸ್ವಲ್ಪ ಹೆಚ್ಚಾದರೆ, ಪೂರ್ಣ ವೇಗದಲ್ಲಿ ಓಡುವ ಪಾಲು ಹೆಚ್ಚಾಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಹೋಲಿಸಲೇಬೇಕೆಂದರೆ ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಕಿದ ನೇರ ಟ್ರ್ಯಾಕಿನಲ್ಲಿ ಓಡಿದ 150 ಮೀಟರಿಗೆ ಹೋಲಿಸಬೇಕು. ಅದಕ್ಕೆ ಅವರು ತೆಗೆದುಕೊಂಡದ್ದು 14.35 ಸೆಕೆಂಡ್. ಕೊನೆಯ ನೂರು ಮೀಟರ್ ಮಾತ್ರ ತೆಗೆದುಕೊಂಡರೆ 8.70. ಅವರ ಮುಂದೆ ಎಳೆಯಲು ಕೋಣಗಳಿರಲಿಲ್ಲ. ನಮ್ಮವರ ಮುಂದೆ ಇದ್ದವು, ಕೈಯಲ್ಲಿ ಹಗ್ಗವೂ ಇತ್ತು. ಹಾಗಂತ ಕಂಬಳದ ಓಟ ಸುಲಭ ಎಂದಲ್ಲ. ಕೆಸರು ನೀರಿನಲ್ಲಿ, ಕಣ್ಣಿಗೆ ರಾಚುವ ನೀರಿನ ನಡುವೆ, ಎರಡು ದೈತ್ಯ ಪ್ರಾಣಿಗಳ ವೇಗಕ್ಕೆ ಹೆಜ್ಜೆ ಕೂಡಿಸುತ್ತ, ಬೀಳದೆ, ಹಗ್ಗ ಬಿಡದೆ, ಅವುಗಳನ್ನು ನೇರ ಮಂಜೊಟ್ಟಿಗೆ ಮುಟ್ಟಿಸುವುದನ್ನು ಬೋಲ್ಟ್ ಮಾಡಿಯಾರೆಂದು ನನಗೇನೂ ಅನ್ನಿಸುವುದಿಲ್ಲ. ಅದು ಬೇರೆಯದೇ ವಿದ್ಯೆ.

ಊರಿನ ಪತ್ರಿಕೆಗಳಲ್ಲಿ ಕಂಬಳದ ಫಲಿತಾಂಶ ಓದಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು. ಪ್ರತಿಯೊಂದರ ಕೆಳಗೂ ಮೊದಲು ಕೋಣಗಳ ಯಜಮಾನರ ಹೆಸರು. ಆಮೇಲೆ ಒಂದು ಸಾಲು: "ಓಡಿಸಿದವರು" ಎಂದು ಬರೆದು ಆ ಹುಡುಗನ ಊರು, ಹೆಸರು. ಓಡಿದವರು ಅಲ್ಲ, ಓಡಿಸಿದವರು. ಒಂದಕ್ಷರದ ವ್ಯತ್ಯಾಸದಲ್ಲಿ ಇಡೀ ಕಂಬಳವೇ ಇದೆ ನೋಡಿ. ಕನೆ ಹಲಗೆಯಲ್ಲಂತೂ ವೇಗದ ಮಾತೇ ಇಲ್ಲ. ಹಲಗೆಯ ಮೇಲೆ ನಿಂತು ನೀರನ್ನು ಎಷ್ಟು ಎತ್ತರಕ್ಕೆ ಚಿಮ್ಮಿಸಿದರು, ಮೇಲೆ ಕಟ್ಟಿದ ನಿಶಾನೆಗೆ ನೀರು ಮುಟ್ಟಿತೋ ಇಲ್ಲವೋ ಎಂಬುದೇ ಅಳತೆ. ಅದಕ್ಕೆ ಒಲಿಂಪಿಕ್ಸಿನಲ್ಲಿ ಯಾವ ಗಡಿಯಾರವನ್ನು ತರುತ್ತೀರಿ?

ಶ್ರೀನಿವಾಸ ಗೌಡರು ಮೈಕಿನ ಮುಂದೆ ಹೇಳಿದ್ದು ಇದನ್ನೇ. ನಾನು ಓಡಿಸಿದವನು, ನನ್ನನ್ನು ಓಡಿದವನ ಸಾಲಿನಲ್ಲಿ ನಿಲ್ಲಿಸಬೇಡಿ ಅಂತ. ಅದರಲ್ಲಿ ತನ್ನನ್ನು ಕಡಿಮೆ ಮಾಡಿಕೊಂಡದ್ದು ಏನೂ ಇಲ್ಲ.

ಈ ಮಾತಿನ ಬೆಲೆ ತಿಳಿಯಬೇಕಾದರೆ ಅದಕ್ಕೆ ಆರು ತಿಂಗಳ ಹಿಂದೆ ಮಧ್ಯಪ್ರದೇಶದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. 2019ರ ಆಗಸ್ಟಿನಲ್ಲಿ ಶಿವಪುರಿ ಜಿಲ್ಲೆಯ ರಾಮೇಶ್ವರ್ ಗುರ್ಜರ್ ಎಂಬ ಹುಡುಗ ರಸ್ತೆಯ ಮೇಲೆ ಬರಿಗಾಲಿನಲ್ಲಿ ಓಡುವ ವಿಡಿಯೋ ಹೀಗೆಯೇ ಹರಡಿತ್ತು. ನೂರು ಮೀಟರನ್ನು 11 ಸೆಕೆಂಡಿನಲ್ಲಿ ಓಡುತ್ತಾನೆ ಎಂದರು. ರಾಜಕಾರಣಿಗಳು ಟ್ವೀಟ್ ಮಾಡಿದರು, ಅದೇ ಸಚಿವರು ಕರೆಸಿದರು. ಭೋಪಾಲದ ಟಿ.ಟಿ. ನಗರ ಸ್ಟೇಡಿಯಮ್ಮಿನಲ್ಲಿ, ತರಬೇತಾದ ಓಟಗಾರರ ಪಕ್ಕದಲ್ಲಿ, ಕ್ಯಾಮೆರಾಗಳ ಮುಂದೆ ಆ ಹುಡುಗನನ್ನು ಓಡಿಸಿದರು. ಹಿಂದೆ ಬಿದ್ದ. ಪ್ರಚಾರದ ಭಾರಕ್ಕೆ ಸುಸ್ತಾಗಿದ್ದಾನೆ, ಸಮಯ ಕೊಟ್ಟು ತರಬೇತಿ ಕೊಡೋಣ ಎಂದು ಸಚಿವರೇ ಹೇಳಬೇಕಾಯಿತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಷ್ಟರಲ್ಲಿ ದೇಶಕ್ಕೆ ನೋಡುವುದು ಮುಗಿದಿತ್ತು. ಹೊಗಳಿದ ಜನವೇ ನಕ್ಕು ಮುಂದಿನ ವಿಡಿಯೋಗೆ ಹೋಗಿದ್ದರು.

ಆ ಹುಡುಗನದು ತಪ್ಪು ಎಂದು ನಾನು ಹೇಳುತ್ತಿಲ್ಲ. ಚಿಕ್ಕ ವಯಸ್ಸು, ಓಡುವ ಆಸೆ, ಬಾಗಿಲು ತೆರೆದಾಗ ಹೋದ. ಹೋಗದೆ ಇರುವವರು ಯಾರು? ನಾನು ಹೇಳುವುದಿಷ್ಟೆ. ಖ್ಯಾತಿ ಎಂಬುದು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ತನ್ನದೇ ಒಂದು ಅಳತೆಗೋಲು ಹಿಡಿದುಕೊಂಡು ಬರುತ್ತದೆ. ನೀವು ಅದುವರೆಗೆ ಯಾವುದರಲ್ಲಿ ಚೆನ್ನಾಗಿದ್ದಿರೋ ಅದನ್ನು ಕೇಳುವುದೇ ಇಲ್ಲ. ತನ್ನ ಕೋಲಿಗೆ ನೀವು ಸರಿಹೊಂದುತ್ತೀರಾ ನೋಡುತ್ತದೆ. ಹೊಂದದಿದ್ದರೆ ನಿಮ್ಮನ್ನು ಮೋಸಗಾರ ಎನ್ನುತ್ತದೆ. ಇಬ್ಬರ ಮುಂದೆಯೂ ಅದೇ ಕೋಲು ಬಂತು. ಒಬ್ಬರಿಗೆ ತಮ್ಮ ಅಳತೆ ಮೊದಲೇ ಗೊತ್ತಿತ್ತು.

ಇನ್ನೊಂದು ವಿಷಯ. ಐಕಳದ ಕಂಬಳ ಕಳೆದು ಹದಿನೈದೇ ದಿನಕ್ಕೆ, 2020ರ ಫೆಬ್ರವರಿ 16ರಂದು, ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಟ್ಟಿಸಿದರು. ಅದೇ ಭಾಗಾಕಾರ ಮಾಡಿದರೆ 9.51. ಅಂದರೆ "ಬೋಲ್ಟ್‌ಗಿಂತ ವೇಗದವರು" ಎರಡೇ ವಾರದಲ್ಲಿ ಹಳಬರಾಗಿದ್ದರು! ಕರಾವಳಿಯ ಹೊರಗೆ ಈಗ ನಿಶಾಂತ್ ಶೆಟ್ಟಿಯವರ ಹೆಸರು ಎಷ್ಟು ಜನರಿಗೆ ನೆನಪಿದೆ? ವೇಗಕ್ಕೇ ಖ್ಯಾತಿ ಬರುವುದಾದರೆ ಹೆಚ್ಚಿನ ಖ್ಯಾತಿ ಅವರಿಗೆ ಬರಬೇಕಿತ್ತು. 2021ರ ಮಾರ್ಚಿನಲ್ಲಿ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರೇ ನೂರು ಮೀಟರಿಗೆ 8.78 ಸೆಕೆಂಡಿನ ಲೆಕ್ಕಕ್ಕೆ ಬಂದರು. ಆಗ ಮೊದಲಿನಷ್ಟು ಗದ್ದಲ ಇರಲಿಲ್ಲ. ಓಟ ಇನ್ನೂ ಚೆನ್ನಾಗಿತ್ತು, ಆದರೆ ಕಥೆ ಹಳೆಯದಾಗಿತ್ತು. ಖ್ಯಾತಿಯ ಹಿಂದೆ ಹೋದವನಾಗಿದ್ದರೆ ಆ ಮನುಷ್ಯ 2021ರ ಹೊತ್ತಿಗೆ ಕುಸಿದುಹೋಗಬೇಕಿತ್ತು. ಕುಸಿಯಲಿಲ್ಲ, ಇನ್ನೂ ಜೋರಾಗಿ ಓಡಿಸಿದರು. ಓಡಲಿಕ್ಕೆ ಬೇಕಾದ ಹುರುಪು ಟಿವಿಯಿಂದ ಬಂದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಇನ್ನೊಂದು ಬದಿಯ ಮಾತು. "ಹೊಟ್ಟೆ ತುಂಬಿದವರಿಗೆ ಇದೆಲ್ಲ ತತ್ವ. ಕೂಲಿ ಕೆಲಸದವನಿಗೆ ಸರಕಾರಿ ತರಬೇತಿ, ಒಂದು ನೌಕರಿ ಸಿಕ್ಕಿದ್ದರೆ ಬದುಕು ಬದಲಾಗುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೊಟ್ಟೆಪಾಡಿಗಾಗಿಯೇ ಊರು ಬಿಟ್ಟು ಬಂದವರು ನಾವು, ಈ ಪ್ರಶ್ನೆಯ ತೂಕ ನಮಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಅವತ್ತು ಅವರ ಮುಂದೆ ಇಟ್ಟದ್ದು ನೌಕರಿ ಅಲ್ಲ, ಒಂದು ಪರೀಕ್ಷೆ. 28ನೇ ವಯಸ್ಸಿನಲ್ಲಿ, ಕಾಲಿಗೆ ಪೆಟ್ಟಾಗಿರುವಾಗ, ಅಭ್ಯಾಸವೇ ಇಲ್ಲದ ಸಿಂಥೆಟಿಕ್ ಟ್ರ್ಯಾಕಿನ ಮೇಲೆ, ಕೋಣಗಳಿಲ್ಲದೆ, ಮೊಳೆ ಶೂ ಹಾಕಿಕೊಂಡು, ಇಡೀ ದೇಶದ ಕ್ಯಾಮೆರಾ ಎದುರಿಗೆ. ಹುಡುಗರು ಹತ್ತು ಹನ್ನೆರಡನೇ ವಯಸ್ಸಿನಿಂದ ಕಲಿಯುವ ವಿದ್ಯೆ ಅದು. ಫಲಿತಾಂಶ ಏನಾಗುತ್ತಿತ್ತು ಎಂದು ಊಹಿಸಲು ಕೋಚ್ ಆಗಿರಬೇಕಾಗಿಲ್ಲ. ಭೋಪಾಲದಲ್ಲಿ ನೋಡಿದ್ದೇವಲ್ಲ. ಆಮೇಲೆ ಅವರು ಕಂಬಳಕ್ಕೆ ವಾಪಸ್ಸು ಬಂದಿದ್ದರೆ, ಕಂಬಳದ ವೀರನಾಗಿ ಅಲ್ಲ, ಬೋಲ್ಟ್ ಆಗಲು ಹೋಗಿ ಸೋತವನಾಗಿ ಬರುತ್ತಿದ್ದರು. ಇದ್ದ ಮರ್ಯಾದೆಯೂ ಹೋಗುತ್ತಿತ್ತು.

ನಿಜವಾಗಿ ಅವಕಾಶ ಕೊಡುವ ಮನಸ್ಸಿದ್ದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಓಡಿಸುವವರಿಗೆ ಒಂದು ಋತುವಿಗೆ ಎಷ್ಟು ಸಿಗುತ್ತದೆ? ಬಿದ್ದು ಮಂಡಿ ಮುರಿದರೆ ಆಸ್ಪತ್ರೆಯ ಖರ್ಚು ಯಾರದು? ಮೂವತ್ತೈದು, ನಲವತ್ತು ದಾಟಿ ಕಾಲು ಸೋತ ಮೇಲೆ ಏನು ಮಾಡಬೇಕು? ಪ್ರೊಫೆಸರ್ ಗುಣಪಾಲ ಕಡಂಬರು ಕಟ್ಟಿದ ಕಂಬಳ ಅಕಾಡೆಮಿಯಲ್ಲಿ 2011ರಿಂದ ಓಡಿಸುವವರಿಗೆ ತರಬೇತಿ ಶುರುವಾಯಿತು. ಶ್ರೀನಿವಾಸ ಗೌಡರೂ ಅಲ್ಲಿ ಕಲಿತವರೇ. ಅಂಥದ್ದಕ್ಕೆ ನಾವು ಪರಊರಿನವರು ಎಷ್ಟು ಬೆನ್ನು ಕೊಟ್ಟಿದ್ದೇವೆ? ಒಲಿಂಪಿಕ್ಸಿಗೆ ಹೋಗಬೇಕಿತ್ತು ಎಂದು ಹೇಳಲು ಖರ್ಚಿಲ್ಲ. ಇದಕ್ಕೆ ಖರ್ಚಿದೆ.

ಕಂಬಳವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಕೋಣಗಳಿಗೆ ಬೀಳುವ ಏಟಿನ ಪ್ರಶ್ನೆ ಇದೆ. ಆ ಕಾರಣಕ್ಕೇ 2016ರಲ್ಲಿ ಹೈಕೋರ್ಟಿನ ತಡೆ ಬಂತು, 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದಕ್ಕಿಂತ ಹಳೆಯದಾದ, ನಾವು ಮಾತಾಡಲು ಇಷ್ಟಪಡದ ಇನ್ನೊಂದು ಸಂಗತಿಯೂ ಇದೆ. ಹಿಂದೆ ಕಂಬಳಕ್ಕೆ ಮೊದಲು ಅದೇ ಕರೆಯಲ್ಲಿ ಕೊರಗ ಸಮುದಾಯದವರನ್ನು ಓಡಿಸುತ್ತಿದ್ದರು. ಇಂಥ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಕಾನೂನೇ ಮಾಡಬೇಕಾಯಿತು. ಆ ಕೆಸರಿನಲ್ಲಿ ಓಡಿದ ಅವರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಬರಲಿಲ್ಲ. ಇದನ್ನು ನೆನಪಿಟ್ಟುಕೊಂಡು ನೋಡಿದರೆ, ಇವತ್ತು ಯಜಮಾನರ ಹೆಸರಿನ ಕೆಳಗೆ "ಓಡಿಸಿದವರು" ಎಂದು ಒಬ್ಬ ಕೂಲಿ ಕೆಲಸದವರ ಊರು, ಹೆಸರು ಅಚ್ಚಾಗುವುದು ಚಿಕ್ಕ ವಿಷಯವಲ್ಲ. ಆ ಹೆಸರನ್ನು ಅವರು ಕಷ್ಟಪಟ್ಟು ಗಳಿಸಿದ್ದು. ಅದನ್ನು ಅಳಿಸಿ ಮೇಲೆ "ಭಾರತದ ಬೋಲ್ಟ್" ಎಂದು ಬರೆಯಲು ನಮಗೇನು ಹಕ್ಕು?

ನಮಗೆ ಬೋಲ್ಟ್ ಯಾಕೆ ಬೇಕಾದರು ಎಂದು ಯೋಚಿಸಿದರೆ ಸ್ವಲ್ಪ ಮುಜುಗರವೇ ಆಗುತ್ತದೆ. ಪರಊರಿನಲ್ಲಿ ಬಹಳ ಕಾಲ ಬದುಕಿದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ನಮ್ಮದನ್ನೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಹೇಳುವುದು. ಆಫೀಸಿನಲ್ಲಿ ಮರಾಠಿಯವರೋ ಗುಜರಾತಿಯವರೋ ಕೇಳಿದರೆ ಯಕ್ಷಗಾನ ಅಂದರೆ ಕಥಕ್ಕಳಿ ತರಹ ಎನ್ನುತ್ತೇವೆ. ಕಂಬಳ ಅಂದರೆ ಜಲ್ಲಿಕಟ್ಟು ತರಹ. (ಎರಡಕ್ಕೂ ಸಂಬಂಧವೇ ಇಲ್ಲ, ಇರಲಿ.) ತುಳು ಅಂದರೆ ಕೊಂಕಣಿ ತರಹವೋ ಎಂದು ಅವರು ಕೇಳಿದರೆ ಹೂಂ ಅಂದು ಮಾತು ಮುಗಿಸುತ್ತೇವೆ. ಹೇಳುವವರಿಗೂ ಸುಲಭ, ಕೇಳುವವರಿಗೂ ಸುಲಭ. ಹೀಗೆ ಹೇಳುತ್ತ ಹೇಳುತ್ತ, ಹೋಲಿಕೆ ಸಿಗದಿದ್ದರೆ ನಮ್ಮ ವಸ್ತುವಿಗೆ ಬೆಲೆಯೇ ಇಲ್ಲ ಎಂದು ನಮಗೇ ಅನ್ನಿಸತೊಡಗುತ್ತದೆ. 2020ರ ಫೆಬ್ರವರಿಯಲ್ಲಿ ನಮ್ಮ ಗುಂಪುಗಳಲ್ಲೆಲ್ಲ ಆ ವಿಡಿಯೋ ಅಷ್ಟು ಜೋರಾಗಿ ಓಡಾಡಿದ್ದು ಕಂಬಳದ ಪ್ರೀತಿಗಲ್ಲ. ಹಾಗಿದ್ದರೆ ಅದಕ್ಕೂ ಮೊದಲಿನ ವರ್ಷಗಳ ಫಲಿತಾಂಶವೂ ಓಡಾಡಬೇಕಿತ್ತು. ಅದು ಓಡಾಡಿದ್ದು, ಪಕ್ಕದ ಮನೆಯವರಿಗೂ ಗೊತ್ತಿರುವ ಒಂದು ಹೆಸರು ಅದಕ್ಕೆ ಅಂಟಿಕೊಂಡದ್ದರಿಂದ.

ಆ ಅಂಟನ್ನು ಕಿತ್ತು ಹಾಕಿದವರು ಊರಿನಲ್ಲೇ ಉಳಿದ ಒಬ್ಬ ಮನುಷ್ಯ. ನನ್ನನ್ನು ನನ್ನ ಹೆಸರಿನಲ್ಲೇ ಹೇಳಿ ಎಂದ ಹಾಗಿತ್ತು ಅವರ ಮಾತು. ಪದವಿ, ಹುದ್ದೆ, ಫ್ಲಾಟು ಎಲ್ಲ ಇದ್ದೂ ನಾವು ಸಭೆಯಲ್ಲಿ ಹೇಳಲು ಹಿಂಜರಿಯುವ ಮಾತು ಅದು.

ಇದು ದೊಡ್ಡ ಓಟಗಾರರ ವಿಷಯ ಮಾತ್ರ ಅಲ್ಲ. 2004ರಲ್ಲಿ ಮುಂಬಯಿ ಮ್ಯಾರಥಾನ್ ಶುರುವಾದ ಮೇಲೆ ನಮ್ಮವರಲ್ಲೂ ಬೆಳಿಗ್ಗೆ ಎದ್ದು ಓಡುವವರು ಹೆಚ್ಚಾಗಿದ್ದಾರೆ. ಸಂತೋಷ. ಆದರೆ ಓಡಿ ಬಂದವರ ಮುಖ ನೋಡಿದರೆ ಕೆಲವೊಮ್ಮೆ ಪಾಪ ಅನ್ನಿಸುತ್ತದೆ. ಐವತ್ತರ ಮೇಲಿನ ಮನುಷ್ಯ, ಮೂರು ವರ್ಷದ ಹಿಂದೆ ಒಂದು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದವರು, 21 ಕಿಲೋಮೀಟರ್ ಮುಗಿಸಿ ಬಂದು ಬೇಸರದಲ್ಲಿರುತ್ತಾರೆ. ಯಾಕೆ ಸ್ವಾಮಿ ಎಂದರೆ, ಆಫೀಸಿನ ಮೂವತ್ತು ವರ್ಷದ ಹುಡುಗ ಇಪ್ಪತ್ತು ನಿಮಿಷ ಮೊದಲು ಮುಗಿಸಿದನಂತೆ, ಅದನ್ನು ಮೊಬೈಲಿನಲ್ಲಿ ಎಲ್ಲರೂ ನೋಡಿದರಂತೆ! ಅವರ ಮೊಣಕಾಲಿಗೆ, ಅವರ ಹೃದಯಕ್ಕೆ ಅವತ್ತು ಆದದ್ದು ದೊಡ್ಡ ಗೆಲುವು. ಆದರೆ ಆ ಗೆಲುವನ್ನು ಅನುಭವಿಸಲು ಬೇರೆಯವರ ಗಡಿಯಾರ ಬಿಡುತ್ತಿಲ್ಲ. ಇದು ಓಟಕ್ಕೆ ಸೀಮಿತವಾದ ಕಾಯಿಲೆಯೂ ಅಲ್ಲ. ಮಕ್ಕಳ ಮಾರ್ಕಿನಿಂದ ಹಿಡಿದು ಊರಿನಲ್ಲಿ ಕಟ್ಟಿಸಿದ ಮನೆಯ ತನಕ ನಾವು ಮಾಡುವುದು ಇದನ್ನೇ.

ಹಾಗಂತ ಯಾರೂ ಇದ್ದಲ್ಲೇ ಇರಬೇಕು, ಹೊಸದಕ್ಕೆ ಕೈಹಾಕಬಾರದು ಎಂದು ನಾನು ಹೇಳುತ್ತಿಲ್ಲ. ಶ್ರೀನಿವಾಸ ಗೌಡರೂ ಇದ್ದಲ್ಲೇ ಇರಲಿಲ್ಲ. 13.62ರಿಂದ ಮುಂದೆ ಹೋದರು, ತಮ್ಮದೇ ಲೆಕ್ಕವನ್ನು ತಾವೇ ಮುರಿದರು. ತನ್ನನ್ನು ಒಪ್ಪಿಕೊಳ್ಳುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಯಾವ ಕರೆಯಲ್ಲಿ ಓಡುತ್ತಿದ್ದೇನೆ ಎಂಬುದನ್ನು ತಾನೇ ತೀರ್ಮಾನಿಸಿ, ಆಮೇಲೆ ಅಲ್ಲಿ ಜೀವ ಬಿಟ್ಟು ಓಡುವುದು. ನಾಳೆ ಕಂಬಳದ ಹುಡುಗನೊಬ್ಬ ನನಗೆ ಟ್ರ್ಯಾಕೇ ಇಷ್ಟ, ಸ್ಪೈಕ್ಸ್ ಹಾಕಿ ಓಡುತ್ತೇನೆ ಎಂದರೆ ಅದಕ್ಕೂ ಚಪ್ಪಾಳೆ ಹೊಡೆಯೋಣ, ಹಣವನ್ನೂ ಕೂಡಿಸಿ ಕಳಿಸೋಣ. ಆಯ್ಕೆ ಅವನದಾಗಿರಬೇಕು. ನಮ್ಮ ಹೆಮ್ಮೆಗೆ ಬೇಕೆಂದು ಅವನನ್ನು ಗಂತಿನಲ್ಲಿ ನಿಲ್ಲಿಸುವುದು ಬೇಡ.

ಈ ಸಲ ಊರಿನಿಂದ ಫಲಿತಾಂಶದ ಪಟ್ಟಿ ಬಂದಾಗ ಒಂದು ಕೆಲಸ ಮಾಡಿ. ಸೆಕೆಂಡುಗಳನ್ನು ಭಾಗಿಸಲು ಹೋಗಬೇಡಿ. "ಓಡಿಸಿದವರು" ಎಂಬ ಸಾಲಿನಲ್ಲಿರುವ ಹೆಸರನ್ನು, ಊರಿನ ಸಮೇತ ಪೂರ್ತಿ ಓದಿ. ಇಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ಪಕ್ಕದಲ್ಲಿದ್ದರೆ ಅವರಿಗೂ ಓದಿ ಹೇಳಿ. ಅವರು ಯಾರ ಹಾಗೆ ಓಡುತ್ತಾರೆ ಎಂದು ಮಕ್ಕಳು ಕೇಳಿದರೆ, ಅವರು ಅವರ ಹಾಗೆಯೇ ಓಡಿಸುತ್ತಾರೆ ಮಗಾ ಎನ್ನಿ.